ಹತ್ತಕ್ಕೆ ನಿಂತ ಮಾಲಕಂಸ, ಆರಕ್ಕೆ ಎದ್ದ ಡಾಲ್ಬಿ

ಅನಂತ ಚತುರ್ದಶಿ ಬಂತೆಂದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ನಡೆಯಲು ಶುರು ಮಾಡುತ್ತವೆ. ತಮಾಷೆಗೆ ಹೇಳುತ್ತಿಲ್ಲ. ನಾವಿರುವುದು ಪುಣೆಯ ಸದಾಶಿವ ಪೇಠೆಯಲ್ಲಿ, ಲಕ್ಷ್ಮೀ ರಸ್ತೆಯಿಂದ ಒಂದು ಗಲ್ಲಿ ಒಳಗೆ, ಎರಡನೇ ಮಹಡಿ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಸ್ಪೀಕರ್ ಪೇರಿಸಿದ ಡಾಲ್ಬಿ ಗಾಡಿ ಹತ್ತಿರ ಬಂದಾಗ ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟಗಳು ಕಿಣಿಕಿಣಿ ಅನ್ನುತ್ತಾ ಅಂಚಿನ ಕಡೆಗೆ ಸರಿಯುತ್ತವೆ. ಹೋದ ವರ್ಷ ಒಂದು ಕೆಳಗೇ ಬಿತ್ತು. ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ಮರುದಿನ ಕಸ ಗುಡಿಸುವಾಗ ಸಿಕ್ಕಿತು.

ಆ ಗಾಡಿ ಹತ್ತಿರ ಬಂದಾಗಲೇ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ನೋಡಿದ್ದೆ. 84 ತೋರಿಸಿತು. ನಮ್ಮ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಪುಡಿ ಮಾಡುವಾಗಲೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಆದರೆ ಮಿಕ್ಸರಿನ ಸದ್ದಿಗೆ ಯಾವತ್ತೂ ಲೋಟ ನಡೆದಿಲ್ಲ, ಎದೆ ಗುದ್ದಿದ ಹಾಗೆ ಆಗಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಮೀಟರೋ, ಲೋಟವೋ? ಇದು ತಲೆಯಲ್ಲಿ ಹೊಕ್ಕು ಕೂತಿತು. ಆಮೇಲೆ ಓದಿ, ಕೇಳಿ, ಒಂದಿಬ್ಬರು ಸೌಂಡ್‌ನವರ ತಲೆ ತಿಂದು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಡಾಲ್ಬಿ. ಬೆಂಗಳೂರಿನವರಿಗೆ ಇದು ಸಿನಿಮಾ ಥಿಯೇಟರಿನ ಹೆಸರು. ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಕಡೆ ಡಾಲ್ಬಿ ಅಂದರೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು. ಕೆಳಗೆ ದೊಡ್ಡ ಬೇಸ್ ಪೆಟ್ಟಿಗೆ, ಅದರ ಮೇಲೆ ಟಾಪ್, ಹಿಂದೆ ಗಡಗಡ ಅನ್ನುವ ಜನರೇಟರ್. ಆ ಹೆಸರಿನ ಕಂಪನಿಗೂ ಈ ಪೆಟ್ಟಿಗೆಗಳಿಗೂ ಸಂಬಂಧ ಇಲ್ಲ. ಝೆರಾಕ್ಸ್, ಡಾಲ್ಡಾ ಇದ್ದ ಹಾಗೆ ಹೆಸರು ಅಂಟಿಕೊಂಡಿದೆ, ಅಷ್ಟೇ. ಪುಣೆಯಲ್ಲಿ ಡಿಜೆ ಅಂತಲೂ ಅನ್ನುತ್ತಾರೆ.

ಈಗ ಡೆಸಿಬಲ್. ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ, ಇಷ್ಟು ಡೆಸಿಬಲ್ ಆಯಿತು, ಅಷ್ಟು ಡೆಸಿಬಲ್ ಆಯಿತು ಅಂತ. ನಾವು ಅದನ್ನು ಕಿಲೋ, ಲೀಟರ್ ಥರ ಓದಿಕೊಳ್ಳುತ್ತೇವೆ. 100 ಅಂದರೆ 50ರ ಎರಡು ಪಟ್ಟು ಅಂದುಕೊಳ್ಳುತ್ತೇವೆ. ಎಡವುವುದು ಅಲ್ಲೇ. ಡೆಸಿಬಲ್ ಎಣಿಸುವುದು ಸೊನ್ನೆಗಳನ್ನು. 10 ಡೆಸಿಬಲ್ ಜಾಸ್ತಿ ಆಯಿತು ಅಂದರೆ ಸದ್ದಿನ ಶಕ್ತಿಗೆ ಒಂದು ಸೊನ್ನೆ ಸೇರಿತು, ಹತ್ತು ಪಟ್ಟು ಆಯಿತು. 20 ಜಾಸ್ತಿ ಆದರೆ ಎರಡು ಸೊನ್ನೆ, ನೂರು ಪಟ್ಟು. ಮಾಮೂಲಿ ಮಾತುಕತೆ ಸುಮಾರು 60. ಅದರ ಮುಂದೆ 100 ಅಂದರೆ ನಾಲ್ಕು ಸೊನ್ನೆ, ಹತ್ತು ಸಾವಿರ ಪಟ್ಟು. ನಡುವೆ 3 ಡೆಸಿಬಲ್ ಏರಿದರೂ ಶಕ್ತಿ ಎರಡು ಪಟ್ಟು ಆಗಿರುತ್ತದೆ.

ಇಲ್ಲಿ ಕಿವಿ ಇನ್ನೊಂದು ಆಟ ಆಡುತ್ತದೆ. ಶಕ್ತಿ ಹತ್ತು ಪಟ್ಟಾದರೂ ನಮಗೆ ಎರಡು ಪಟ್ಟಾದ ಹಾಗಷ್ಟೇ ಅನಿಸುತ್ತದೆ. ಇಲ್ಲದಿದ್ದರೆ ಎಲೆ ಅಲುಗುವ ಸದ್ದಿನಿಂದ ಗುಡುಗಿನ ತನಕ ಒಂದೇ ಕಿವಿಯಲ್ಲಿ ಕೇಳಲು ಆಗುತ್ತಿರಲಿಲ್ಲ. ಒಳ್ಳೆ ವ್ಯವಸ್ಥೆಯೇ. ಆದರೆ ಇದರಿಂದ ಒಂದು ಮೋಸ ಆಗುತ್ತದೆ. ಸೌಂಡ್‌ನವನು ಇನ್ನೊಂದು ಸ್ವಲ್ಪ ಏರಿಸಿದರೆ ನಮಗೆ ಸ್ವಲ್ಪವೇ ಅನಿಸುತ್ತದೆ, ಕಿವಿಯ ಒಳಗೆ ಹೋಗುವುದು ಮಾತ್ರ ಸ್ವಲ್ಪ ಅಲ್ಲ.

ಪುಣೆಯ ಇಂಜಿನಿಯರಿಂಗ್ ಕಾಲೇಜು, ಅಂದರೆ ಸಿಒಇಪಿಯ ವಿದ್ಯಾರ್ಥಿಗಳು ಬಹಳ ವರ್ಷಗಳಿಂದ ಒಂದು ಒಳ್ಳೆ ಕೆಲಸ ಮಾಡುತ್ತಿದ್ದಾರೆ. ವಿಸರ್ಜನೆಯ ದಿನ ಮೀಟರ್ ಹಿಡಿದು ಲಕ್ಷ್ಮೀ ರಸ್ತೆಯ ಚೌಕಗಳಲ್ಲಿ ನಿಂತು ಸದ್ದು ಅಳೆಯುತ್ತಾರೆ. ಬೆಲಬಾಗ್ ಚೌಕದಿಂದ ಟಿಳಕ ಚೌಕ, ಅದರಾಚೆ ಖಂಡೋಜಿಬಾಬಾ ಚೌಕದ ತನಕ. 2022, 2023ರಲ್ಲಿ ಸರಾಸರಿಯೇ 100 ದಾಟಿತ್ತು. 2024ರಲ್ಲಿ 95ರ ಆಸುಪಾಸಿಗೆ ಇಳಿಯಿತು. ಐದಾರು ಡೆಸಿಬಲ್ ಇಳಿದರೆ ಏನು ಮಹಾ ಅನ್ನಬೇಡಿ. ಆರು ಇಳಿದರೆ ಶಕ್ತಿ ಕಾಲು ಭಾಗಕ್ಕೆ ಬಂತು ಅಂತ ಲೆಕ್ಕ. ಹಾಗಿದ್ದೂ ಅದು ಮನುಷ್ಯರ ಕಿವಿಗೆ ಹೇಳಿದ ಸದ್ದಲ್ಲ.

ಜೋಳದ ಹೊಲ, ಗಾಳಿ

ನಮ್ಮ ಅಕ್ಕನ ಮಗಳು ಧಾರವಾಡದಿಂದ ಇಲ್ಲಿಗೆ ಓದಲು ಬಂದವಳು. ಬಂದ ವರ್ಷವೇ ಢೋಲ್-ತಾಶಾ ಪಥಕ, ಅಂದರೆ ಬಾರಿಸುವವರ ತಂಡ, ಸೇರಿದಳು. ಪುಣೆಯಲ್ಲಿ ಇದೊಂದು ದೊಡ್ಡ ಸಂಭ್ರಮ. ಗಣೇಶ ಚವತಿಗೆ ಒಂದೆರಡು ತಿಂಗಳು ಇರುವಾಗಲೇ ಮುಠಾ ನದಿಯ ದಂಡೆಯಲ್ಲಿ ಸಂಜೆ ಸಂಜೆ ತಾಲೀಮು ಶುರು. ಢೋಲನ್ನು ಸೊಂಟಕ್ಕೆ ಬಿಗಿದುಕೊಂಡು ಒಂದು ಕಡೆ ಕೋಲಿನಿಂದ, ಇನ್ನೊಂದು ಕಡೆ ಕೈಯಿಂದ ಬಾರಿಸುತ್ತಾರೆ. ತಾಶೆ ಕೊರಳಲ್ಲಿ. ಅದಕ್ಕೆ ಎರಡು ತೆಳ್ಳನೆ ಕಡ್ಡಿ. ಐಟಿಯವರು, ಡಾಕ್ಟರುಗಳು, ಕಾಲೇಜು ಹುಡುಗಿಯರು ಎಲ್ಲ ಇರುತ್ತಾರೆ. ಇವಳು ತಾಶೆ ಹಿಡಿದಳು. ಎರಡನೇ ದಿನ ಮನೆಗೆ ಬಂದವಳೇ ಅಂದಳು:

“ಮೌಶಿ, ಕಿವ್ಯಾಗ ಯಾರೋ ಸೀಟಿ ಹೊಡಿಲಿಕ್ಕತ್ತಂಗ ಆಗ್ತದ. ನೀವು ಮಾತಾಡೋದು ಗೋಡಿ ಆಚೆಯಿಂದ ಕೇಳಿಸಿದಂಗದ.”

ಬೆಳಿಗ್ಗೆ ಏಳುವಷ್ಟರಲ್ಲಿ ಸರಿಯಾಗಿತ್ತು. ಅವಳು ಮರೆತಳು. ನಾನು ಮರೆಯಲಿಲ್ಲ.

ಕಿವಿಯ ಒಳಗೆ ಶಂಖದ ಥರ ಸುತ್ತಿಕೊಂಡ ಒಂದು ಸಣ್ಣ ಕೊಳವೆ ಇದೆ. ಒಳಗೆ ನೀರಿನಂಥ ದ್ರವ. ಅದರಲ್ಲಿ ಸಾಲುಸಾಲಾಗಿ ಸುಮಾರು 15 ಸಾವಿರ ಕೂದಲು ಕೋಶಗಳು. ಹದಿನೈದು ಸಾವಿರ ಅಂದರೆ ಜಾಸ್ತಿ ಅನಿಸಬಹುದು. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಕೋಟಿಗಟ್ಟಲೆ ಇವೆ, ಅದರ ಮುಂದೆ ಇದು ಏನೂ ಅಲ್ಲ. ಸದ್ದು ಬಂದಾಗ ದ್ರವ ಅಲ್ಲಾಡುತ್ತದೆ, ಕೋಶಗಳ ತುದಿಯ ಕೂದಲು ಬಾಗುತ್ತದೆ, ಆಗ ನರಕ್ಕೆ ಸುದ್ದಿ ಹೋಗುತ್ತದೆ.

ಗಾಳಿಗೆ ಜೋಳದ ಹೊಲ ಬಾಗುವುದನ್ನು ನೋಡಿದ್ದೀರಲ್ಲ? ಸಣ್ಣ ಗಾಳಿಗೆ ಬಾಗಿ ಎದ್ದು ನಿಲ್ಲುತ್ತದೆ. ದೊಡ್ಡ ಗಾಳಿಗೆ ಮಲಗಿಬಿಡುತ್ತದೆ, ಏಳಲು ಒಂದೆರಡು ದಿನ ಬೇಕು. ಇನ್ನೂ ದೊಡ್ಡದಾದರೆ ದಂಟು ಮುರಿಯುತ್ತದೆ. ನಮ್ಮ ಹುಡುಗಿಯ ಕಿವಿಯ ಸೀಟಿ ಅಂದರೆ ಬೆಳೆ ಮಲಗಿದ ಸ್ಥಿತಿ. ಬೆಳಿಗ್ಗೆಗೆ ಎದ್ದಿತು, ಸರಿ. ಆದರೆ ದಿನಾ ಮಲಗಿಸಿ ದಿನಾ ಎಬ್ಬಿಸಿದರೆ ಒಂದಷ್ಟು ದಂಟು ಮುರಿದೇ ಮುರಿಯುತ್ತದೆ. ಮುರಿದದ್ದು ಮತ್ತೆ ಹುಟ್ಟುವುದಿಲ್ಲ. ಕೋಳಿ, ಪಾರಿವಾಳಕ್ಕೆ ಹುಟ್ಟುತ್ತದಂತೆ, ನಮಗೆ ಇಲ್ಲ. ದೇವರು ಇಲ್ಲಿ ಕೋಳಿಯ ಪಕ್ಷ ವಹಿಸಿದ್ದಾನೆ.

ಎಷ್ಟು ಹೊತ್ತು ಕೇಳಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ನಿಯೋಶ್ ಅನ್ನುವ ಸಂಸ್ಥೆ ಹಾಕಿಕೊಟ್ಟದ್ದು. 85 ಡೆಸಿಬಲ್ ಆದರೆ ದಿನಕ್ಕೆ ಎಂಟು ತಾಸು. ಅಲ್ಲಿಂದ ಮೂರು ಮೂರು ಏರಿದ ಹಾಗೆ ಹೊತ್ತು ಅರ್ಧ ಅರ್ಧ. 88ಕ್ಕೆ ನಾಲ್ಕು ತಾಸು. 94ಕ್ಕೆ ಒಂದು ತಾಸು. 100ಕ್ಕೆ ಹದಿನೈದು ನಿಮಿಷ. 110ಕ್ಕೆ ಒಂದೂವರೆ ನಿಮಿಷ, ಅಂದರೆ ಒಂದು ಹಾಡಿನ ಪಲ್ಲವಿ ಮುಗಿಯುವಷ್ಟು. ಮೆರವಣಿಗೆ ಒಂದು ಚೌಕ ದಾಟಲು ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹಿಡಿಯುತ್ತದೆ.

ರಸ್ತೆಯ ಬದಿಯಲ್ಲಿ ನಿಂತು ನೋಡುವ ನಮ್ಮದು ಒಂದು ದಿನದ ಪಾಡು. ಪಥಕದ ಮಕ್ಕಳದ್ದು ಎರಡು ತಿಂಗಳು. ಡಾಲ್ಬಿ ಗಾಡಿಯ ಹಿಂದೆ ಮಿಕ್ಸರ್ ಬೋರ್ಡ್ ಹಿಡಿದು ಕೂರುವ ಹುಡುಗನದ್ದು ವರ್ಷವಿಡೀ. ಗಣಪತಿ, ನವರಾತ್ರಿ, ಜಯಂತಿಗಳು, ಮದುವೆ ಸೀಸನ್. ಸದ್ದಿನ ಬಗ್ಗೆ ಬರೆಯುವವರು ಅವನನ್ನು ಬೈಯುವುದೇ ಜಾಸ್ತಿ. ಮೊದಲು ಕಿವಿ ಕಳೆದುಕೊಳ್ಳುವವನು ಅವನೇ.

ಚಾವಣಿ ಇದ್ದವರಿಗೊಂದು, ಇಲ್ಲದವರಿಗೊಂದು

ಕಾನೂನು ಇಲ್ಲ ಅಂತಲ್ಲ. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಶಬ್ದ ಮಾಲಿನ್ಯ ನಿಯಮಗಳನ್ನು ತಂದಿತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಅಂಗಡಿ ಮುಂಗಟ್ಟು ಇರುವಲ್ಲಿ 65, 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ 50, 40. 2017ರ ತಿದ್ದುಪಡಿಯ ಮೇಲೆ ರಾಜ್ಯ ಸರ್ಕಾರ ಗುರುತಿಸಿ ಹೇಳಿದರೆ ಮಾತ್ರ ಅದು ನಿಶ್ಶಬ್ದ ವಲಯ. ಲೌಡ್‌ಸ್ಪೀಕರ್ ಹಾಕಿದರೆ ಆ ಜಾಗದ ಅಂಚಿನಲ್ಲಿ ಮಿತಿಗಿಂತ 10 ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಅಂದರೆ ನಮ್ಮಂಥ ಮನೆಗಳ ಪಕ್ಕ ಹಗಲು 65. ಜೋರಾಗಿ ಮಾತಾಡಿದಷ್ಟು. ನಿಜ ಹೇಳಬೇಕೆಂದರೆ, ಹಬ್ಬ ಇಲ್ಲದ ದಿನವೂ ಲಕ್ಷ್ಮೀ ರಸ್ತೆಯ ಸ್ಕೂಟರ್ ಹಾರ್ನುಗಳೇ ಅದನ್ನು ದಾಟುತ್ತವೆ. ಕಾಗದದ ಮಿತಿಗೂ ಬೀದಿಗೂ ಮಾತೇ ಇಲ್ಲ.

ಈ ನಿಯಮಗಳ ಜೊತೆ ತಳಕು ಹಾಕಿಕೊಂಡ ಒಂದು ಕೇಸಿದೆ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಆ ಅರ್ಜಿ ಹಾಕಲು ಕಾರಣವಾದದ್ದು 1998ರ ಒಂದು ಸುದ್ದಿ. 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಆಯಿತು. ಅವಳು ಕೂಗಿಕೊಂಡದ್ದು ಪಕ್ಕದಲ್ಲಿ ಹಾಕಿದ್ದ ಲೌಡ್‌ಸ್ಪೀಕರ್ ಹಾಡಿನಲ್ಲಿ ಯಾರಿಗೂ ಕೇಳಲಿಲ್ಲ. ಅದೇ ಸಂಜೆ ಅವಳು ಬೆಂಕಿ ಹಚ್ಚಿಕೊಂಡು ಸತ್ತಳು. ಮಾತಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಬೇಡ ಅನ್ನುವವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ನಮಗೆಲ್ಲ ಗೊತ್ತಿರುವುದು ಇದರಲ್ಲಿ ಒಂದೇ ನಿಯಮ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಂದ್. 2010ರಲ್ಲಿ ತಿದ್ದುಪಡಿ ಮಾಡಿ ಲೌಡ್‌ಸ್ಪೀಕರ್ ಜೊತೆಗೆ ವಾದ್ಯಗಳನ್ನೂ ಸೇರಿಸಿದರು. ಹಬ್ಬಕ್ಕೆ ಅಂತ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ ಹನ್ನೆರಡರ ತನಕ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಇನ್ನೊಂದು ವಿನಾಯಿತಿ ಉಂಟು, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾಲ್ಕು ಗೋಡೆ, ಮೇಲೊಂದು ಚಾವಣಿ ಇದ್ದು ಒಳಗಿನ ಸದ್ದು ಒಳಗೇ ಇದ್ದರೆ ರಾತ್ರಿಯೂ ಅಡ್ಡಿಯಿಲ್ಲ.

ಈ ಚಾವಣಿಯ ವಿಷಯ ನಮ್ಮ ಕನ್ನಡದ ಮಂದಿಗೆ ಎರಡು ಕಡೆ ತಾಗಿದೆ.

ಒಂದು ಸವಾಯಿ ಗಂಧರ್ವ ಉತ್ಸವ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ, ಪುಣೆಯಲ್ಲಿ ಅವರ ಹೆಸರಿನಲ್ಲಿ ಸಂಗೀತ ಶುರು ಮಾಡಿದರು. ಮೊದಲೆಲ್ಲ ಮೂರು ರಾತ್ರಿ, ಬೆಳಗಿನ ತನಕ. ನಮ್ಮ ಕೆಳಗಿನ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಕಾಕಾ ಒಬ್ಬರಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರು. ರಮಣಬಾಗ್ ಮೈದಾನಕ್ಕೆ ಡಿಸೆಂಬರ್ ಥಂಡಿಯಲ್ಲಿ ರಗ್ಗು, ಮಫ್ಲರ್, ಥರ್ಮಾಸಿನಲ್ಲಿ ಚಹಾ ತಗೊಂಡು ಹೋಗಿ ರಾತ್ರಿ ಕಳೆದವರು. ನಡುರಾತ್ರಿ ದಾಟಿದ ಮೇಲೆ ಮಾಲಕಂಸ, ಬೆಳಗಿನ ಜಾವಕ್ಕೆ ಲಲಿತ್, ಬೆಳಕು ಹರಿಯುವಾಗ ಭೈರವಿ. ಹಿಂದುಸ್ತಾನಿ ರಾಗಗಳಿಗೆ ಹೊತ್ತು ಇರುತ್ತದೆ, ಗೊತ್ತಲ್ಲ. ಮೈದಾನಕ್ಕೆ ಪೆಂಡಾಲು ಇತ್ತು, ಚಾವಣಿ ಇರಲಿಲ್ಲ. ಹತ್ತು ಗಂಟೆಯ ನಿಯಮ ಬಂತು. ರಾತ್ರಿಗಳು ಹೋಗಿ ಸಂಜೆಗಳು ಬಂದವು. ಮೂರು ರಾತ್ರಿಯದ್ದು ಐದು ದಿನಕ್ಕೆ ಹರಡಿತು. ಯಾವುದೋ ಒಂದು ದಿನ ಅನುಮತಿ ಸಿಕ್ಕರೆ ಹನ್ನೆರಡರ ತನಕ. ಗಾಯಕರು ಹತ್ತಕ್ಕೆ ಐದು ನಿಮಿಷ ಇರುವಾಗ ಗಡಿಯಾರ ನೋಡುತ್ತಾ ದ್ರುತ್, ಅಂದರೆ ಕೊನೆಯ ವೇಗದ ಭಾಗ, ಮುಗಿಸುತ್ತಾರೆ. ನಡುರಾತ್ರಿಯ ರಾಗಗಳು ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋದವು. ಹಾಡಿದರೂ ಅವುಗಳ ಹೊತ್ತಿನಲ್ಲಿ ಅಲ್ಲ.

ಇನ್ನೊಂದು ಯಕ್ಷಗಾನ. ಮುಂಬೈಯಲ್ಲಿ ನೆಲೆಸಿದ ದಕ್ಷಿಣ ಕನ್ನಡ, ಉಡುಪಿಯವರನ್ನು ಕೇಳಿ, ಊರಿನ ಬಯಲಾಟ ಅಂದರೆ ರಾತ್ರಿ ಪೂರ್ತಿ ಅಂತಲೇ ಅವರ ನೆನಪು. 2022ರ ನವೆಂಬರಿನಲ್ಲಿ ಕಟೀಲು ಮೇಳಗಳೂ ಇದೇ ಧ್ವನಿವರ್ಧಕದ ನಿಯಮಕ್ಕಾಗಿ ಕಾಲಮಿತಿ ಆಟಕ್ಕೆ ತಿರುಗಬೇಕಾಯಿತು. ಮುಂಬೈಯಲ್ಲಿ ಆಟ ನಡೆಯುವುದು ಹೆಚ್ಚಾಗಿ ಬಾಡಿಗೆ ಹಾಲ್‌ಗಳಲ್ಲಿ. ಅಲ್ಲಿ ಗೋಡೆ, ಚಾವಣಿ ಇದೆ. ಆದರೆ ಹಾಲಿನ ಬಾಡಿಗೆಗೆ ತನ್ನದೇ ಗಡಿಯಾರ ಇರುತ್ತದೆ, ಜೊತೆಗೆ ಕೊನೆಯ ಲೋಕಲ್ ಟ್ರೇನು ಬೇರೆ.

ಈ ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ರಮಣಬಾಗಿನ ಸುತ್ತಮುತ್ತಲೂ ಮಲಗಬೇಕಾದ ಮಕ್ಕಳಿದ್ದರು, ಹುಷಾರಿಲ್ಲದವರಿದ್ದರು. ಆದರೆ ನಿಯಮಕ್ಕೆ ಯಾರು ಬಾಗಿದರು ನೋಡಿ. ಟಿಕೆಟ್ ಮಾರಿ, ಅರ್ಜಿ ಹಾಕಿ, ಹೆಸರು ವಿಳಾಸ ಕೊಟ್ಟು ನಡೆಸುವವರು ಬಾಗಿದರು. ಅಂಥವರ ಮೇಲೆ ನಿಯಮ ಹೇರುವುದು ಸುಲಭ, ಒಂದು ನೋಟಿಸ್ ಸಾಕು. ಸಾವಿರಾರು ಜನ ಕುಣಿಯುತ್ತಿರುವ ಬೀದಿಯಲ್ಲಿ ಇಬ್ಬರು ಪೊಲೀಸರು ಗಾಡಿ ನಿಲ್ಲಿಸಲು ಹೋದರೆ ಏನಾಗಬಹುದು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಪುಣೆಯ ವಿಸರ್ಜನೆ ಮೆರವಣಿಗೆ ಈಗ 28 ತಾಸು, 30 ತಾಸು ಯಾಕೆ ಎಳೆಯುತ್ತದೆ ಅನ್ನುವುದಕ್ಕೂ ಈ ಗಡಿಯಾರದ ನಿಯಮ ಒಂದು ಕಾರಣ. ರಾತ್ರಿ ಹನ್ನೆರಡಕ್ಕೆ ಸದ್ದು ನಿಲ್ಲಿಸಬೇಕು. ನಿಲ್ಲಿಸುತ್ತಾರೆ. ಆದರೆ ಸದ್ದಿಲ್ಲದೆ ಗಣಪತಿಯನ್ನು ಮುಂದೆ ಒಯ್ಯುವುದಕ್ಕೆ ಗಣಪತಿ ಕೂರಿಸುವ ಕೆಲವು ಮಂಡಳಗಳಿಗೆ ಮನಸ್ಸಿಲ್ಲ. ಬಾಡಿಗೆ ಕೊಟ್ಟ ಡಾಲ್ಬಿ ಸುಮ್ನೆ ಹೋಗಬೇಕಾ? ಹಾಗಾಗಿ ನಿಂತಲ್ಲೇ ನಿಲ್ಲುತ್ತಾರೆ. ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಹಿಂದಿನ ಗಾಡಿಗಳೆಲ್ಲ ಅಷ್ಟು ಹೊತ್ತು ಕಾಯಬೇಕು.

ಕಾಕಾ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ: “ನಮ್ಮನ್ನ ರಾತ್ರಿ ಹತ್ತಕ್ಕ ಎಬ್ಬಿಸಿ ಮನೀಗೆ ಕಳಸ್ತಾರ. ಇವರನ್ನ ಮುಂಜಾನೆ ಆರಕ್ಕ ಎಬ್ಬಿಸಿ ಬೀದೀಗೆ ಕಳಸ್ತಾರ.”

ಲೋಟ ಯಾಕೆ ನಡೆಯಿತು

ಈಗ ನನ್ನ ಲೋಟಕ್ಕೆ ಬರೋಣ.

ಸದ್ದು ಅಳೆಯುವ ಮೀಟರ್ ಎಲ್ಲ ಸದ್ದನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ನಿಯಮದಲ್ಲಿ ಡೆಸಿಬಲ್ ಪಕ್ಕ ಒಂದು ‘ಎ’ ಇರುತ್ತದೆ, ಡೆಸಿಬಲ್-ಎ. ಯಾರೂ ಗಮನಿಸದ ಅಕ್ಷರ ಅದು. ಮನುಷ್ಯರ ಕಿವಿಗೆ ತೀರಾ ಕೆಳಸ್ಥಾಯಿ, ಅಂದರೆ ಬೇಸ್, ಅಷ್ಟಾಗಿ ಕೇಳಿಸುವುದಿಲ್ಲ, ಮಾತಿನ ಸ್ಥಾಯಿ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಮೀಟರ್ ಕೂಡ ಕಿವಿಯ ಹಾಗೇ ಕೇಳಲಿ ಅಂತ ಕೆಳಸ್ಥಾಯಿಯ ಸದ್ದಿಗೆ ರಿಯಾಯಿತಿ ಕೊಟ್ಟಿದ್ದಾರೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆ ಆದಷ್ಟೂ ಸ್ಥಾಯಿ ಕೆಳಗೆ. 1000 ಹರ್ಟ್ಸ್ ಸದ್ದಿಗೆ ರಿಯಾಯಿತಿ ಇಲ್ಲ. 100 ಹರ್ಟ್ಸಿಗೆ ಸುಮಾರು 19 ಡೆಸಿಬಲ್ ಕಡಿತ. 50 ಹರ್ಟ್ಸಿಗೆ ಸುಮಾರು 30 ಕಡಿತ. ಮೂರು ಸೊನ್ನೆ! ಬರೀ 50 ಹರ್ಟ್ಸಿನ ಬೇಸ್ ನಿಜವಾಗಿ 110 ಇದ್ದರೆ ಮೀಟರ್ ಬರೆದುಕೊಳ್ಳುವುದು 80.

ಈ ರಿಯಾಯಿತಿಯ ಲೆಕ್ಕ ಹುಟ್ಟಿದ್ದು 1930ರ ದಶಕದ ಪ್ರಯೋಗಗಳಿಂದ, ಅದೂ ಮೆಲ್ಲನೆಯ ಸದ್ದಿನ ಲೆಕ್ಕ. ಸದ್ದು ಜೋರಾದ ಹಾಗೆ ಕಿವಿ ಬೇಸನ್ನೂ ಚೆನ್ನಾಗಿ ಕೇಳುತ್ತದೆ, ಆಗ ಇಷ್ಟು ರಿಯಾಯಿತಿ ಸಲ್ಲುವುದಿಲ್ಲ. ಮೆಲ್ಲನೆಯ ಸದ್ದಿಗೆ ಮಾಡಿದ ತಕ್ಕಡಿಯಲ್ಲಿ ಡಾಲ್ಬಿ ತೂಗುತ್ತಿದ್ದೇವೆ ಅನ್ನಿ. ಬೇಸಿಗೆ ಇಷ್ಟು ರಿಯಾಯಿತಿ ಕೊಡದ ‘ಸಿ’ ಅನ್ನುವ ಅಳತೆಯೂ ಇದೆ, ಎಷ್ಟೋ ಮೀಟರುಗಳಲ್ಲಿ ಒಂದು ಗುಂಡಿ ಒತ್ತಿದರೆ ಬರುತ್ತದೆ. ನಮ್ಮ ನಿಯಮದಲ್ಲಿ ಅದಿಲ್ಲ. ಇನ್ನು ಫೋನಿನ ಮೈಕಂತೂ ಮಾತಿಗಾಗಿ ಮಾಡಿದ್ದು, ಬೇಸ್ ಬಂದರೆ ಅದೇ ಅರ್ಧ ಬಿಟ್ಟುಬಿಡುತ್ತದೆ.

ಡಾಲ್ಬಿಯ ಗತ್ತೇ ಬೇಸಿನಲ್ಲಿ ಇರುವುದು. ಅದಕ್ಕೇ ಗಾಡಿಯ ತಳದಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಗಳು. ಬೇಸಿನ ಅಲೆ ಉದ್ದ, 50 ಹರ್ಟ್ಸಿಗೆ ಸುಮಾರು ಏಳು ಮೀಟರ್. ಅದು ಗೋಡೆಗೆ, ಕಿಟಕಿಗೆ ಜಗ್ಗುವುದಿಲ್ಲ. ಕಿಟಕಿ ಹಾಕಿದರೆ ಹಾಡಿನ ಮಾತು ಹೊರಗೆ ಉಳಿಯುತ್ತದೆ, ಗುದ್ದು ಮಾತ್ರ ಒಳಗೆ ಬರುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯಬೇಕು. ನಮ್ಮ ಪೇಠೆಗಳಲ್ಲಿ ಎರಡೂ ಬದಿ ಒತ್ತಿ ನಿಂತ ಕಟ್ಟಡಗಳಿವೆ, ಸದ್ದು ಅತ್ತ ಬಡಿದು ಇತ್ತ ಬಂದು ಅಷ್ಟು ಇಳಿಯುವುದೇ ಇಲ್ಲ. ಹಾಗಾಗಿ ಮೀಟರ್ 84 ಅಂದದ್ದೂ ನಿಜ, ಲೋಟ ನಡೆದದ್ದೂ ನಿಜ.

ಕಾನೂನಿನ ದೃಷ್ಟಿಯಿಂದ ಇದರ ಪರಿಣಾಮ ದೊಡ್ಡದು. ವಯಸ್ಸಾದವರು ಎದೆ ಹಿಡಿದುಕೊಂಡು ಕೂರುವುದು, ನಾಯಿಗಳು ಮಂಚದ ಕೆಳಗೆ ಸೇರುವುದು, ಕಿಟಕಿ ಗಾಜು ನಡುಗುವುದು ಬೇಸಿಗೆ. ಬೀದಿಯಲ್ಲಿ ಅಳೆಯುವ ಮೀಟರ್ ಅತಿ ಕಡಿಮೆ ಎಣಿಸುವುದೂ ಬೇಸನ್ನೇ.

ಯಾರ ಸಂಗೀತ, ಯಾರ ಗದ್ದಲ

ಡಾಲ್ಬಿ ಗದ್ದಲ, ಢೋಲ್ ಸಂಸ್ಕೃತಿ. ಪುಣೆಯಲ್ಲಿ ಯಾರನ್ನೇ ಕೇಳಿ, ಹೀಗೇ ಹೇಳುತ್ತಾರೆ. ನನಗೂ ಢೋಲ್ ಇಷ್ಟ. ಕಸಬಾ ಗಣಪತಿಯ ಮುಂದೆ ನೂರು ಢೋಲು ಒಮ್ಮೆಗೇ ನಿಂತು, ಒಂದು ಕ್ಷಣ ಬಿಟ್ಟು, ಒಂಟಿ ತಾಶೆ ಶುರುವಾದಾಗ ಮೈ ಜುಮ್ ಅನ್ನದಿದ್ದರೆ ಅವರು ಮನುಷ್ಯರೇ ಅಲ್ಲ. ಆದರೆ ಕಿವಿಯ ಕೂದಲಿಗೆ ಸಂಸ್ಕೃತಿ ಗೊತ್ತಿಲ್ಲ. ತಾಶೆಯ ಸದ್ದು ಚೂಪು, ಸಿಡಿದ ಹಾಗೆ ಬರುತ್ತದೆ, ಕಿವಿ ಸಾವರಿಸಿಕೊಳ್ಳುವ ಮೊದಲೇ ಒಳಗೆ ಹೋಗಿರುತ್ತದೆ. ನೂರು ಜನರ ಪಥಕದ ನಡುವೆ ನಿಂತರೆ ಮೀಟರಿಗೆ ಡಾಲ್ಬಿಗೂ ಅದಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ.

2024ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠ ಒಂದು ಪಥಕದಲ್ಲಿ 30 ಜನರಿಗಿಂತ ಜಾಸ್ತಿ ಇರಬಾರದು ಅಂದಿತು. ಊರೆಲ್ಲ ಗುಲ್ಲು. ಸೆಪ್ಟೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು ಢೋಲ್-ತಾಶಾ ಪುಣೆಯ ಹೃದಯ, ಬಾರಿಸಲಿ ಬಿಡಿ ಅಂದರು. ಡಾಲ್ಬಿಯವರದ್ದು ಬೇರೆ ಕತೆ. 2018ರಲ್ಲಿ ಅವರ ಸಂಘ ಬಾಂಬೆ ಹೈಕೋರ್ಟಿಗೆ ಹೋಗಿ ಗಣಪತಿ ಹಬ್ಬಕ್ಕೆ ಡಾಲ್ಬಿ ಮೇಲಿನ ನಿಷೇಧ ಸಡಿಲಿಸಿ ಅಂತ ಕೇಳಿದಾಗ ಪರಿಹಾರ ಸಿಗಲಿಲ್ಲ. ಎರಡು ಕೇಸಿನ ಕಾನೂನು ಪ್ರಶ್ನೆ ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಬೀದಿಯಲ್ಲಿ ಅದರ ಅರ್ಥ ಒಂದೇ ಆಯಿತು: ನಮ್ಮ ಸದ್ದು ಹೃದಯ, ನಿಮ್ಮದು ಹೊಲಸು.

ಇಲ್ಲಿ ಜಾತಿ, ವರ್ಗ ಸದ್ದಿಲ್ಲದೆ ಕೂತಿವೆ. ಪಥಕ ಅಂದರೆ ಬಿಳಿ ಕುರ್ತಾ, ಕೇಸರಿ ರುಮಾಲು, ದಿನಾ ಸಂಜೆ ಎರಡು ತಾಸು ತಾಲೀಮಿಗೆ ಬಿಡುವು ಇರುವ ಮನೆಯ ಮಕ್ಕಳು. ದಿನಗೂಲಿಯ ಹುಡುಗರಿಗೆ ಅಷ್ಟು ಬಿಡುವು ಎಲ್ಲಿಂದ? ಅವರು ವರ್ಗಣಿ, ಅಂದರೆ ಚಂದಾ, ಎತ್ತಿ ಒಂದು ರಾತ್ರಿಗೆ ಗಾಡಿ ಬಾಡಿಗೆ ಹಿಡಿಯುತ್ತಾರೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಭೀಮಗೀತೆ ಹಾಕಿದ ಗಾಡಿ ಬಂದರೆ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಐದು ನಿಮಿಷಕ್ಕೆ ದೂರಿನ ಮೆಸೇಜ್ ಬರುತ್ತದೆ. ಅನಂತ ಚತುರ್ದಶಿಗೆ ಅದೇ ಗ್ರೂಪಿನಲ್ಲಿ ಬರುವುದು ವಿಡಿಯೋ. ಹಾಲ್ ಇಲ್ಲದವರಿಗೆ, ಊರಿನ ನಡುವೆ ಯಾವತ್ತೂ ಜಾಗ ಕೊಡದವರಿಗೆ, ನಾವೂ ಇದ್ದೇವೆ ಅಂತ ಹೇಳಲು ಬೀದಿ ಒಂದೇ ಉಳಿದಿರುವುದು. ಹಾಗಂತ ಅವರ ಬೇಸಿಗೆ ಕಿವಿ ಹಾಳಾಗುವುದಿಲ್ಲ ಅಂತಲ್ಲ. ಮೊದಲು ಹಾಳಾಗುವುದು ಗಾಡಿಯ ಮುಂದೆ ಕುಣಿಯುವ ಅವರ ಮಕ್ಕಳದ್ದೇ.

ಆಜಾನ್ ವಿಷಯವೂ ಹೀಗೇ. 2022ರಲ್ಲಿ ಮಹಾರಾಷ್ಟ್ರದಲ್ಲಿ ಅದು ದೊಡ್ಡ ರಾಜಕೀಯ ಆಯಿತು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂಬೈನ ಕುರ್ಲಾ ಕಡೆಯ ಒಂದು ಅರ್ಜಿಯಲ್ಲಿ ಲೌಡ್‌ಸ್ಪೀಕರ್ ಯಾವ ಧರ್ಮಕ್ಕೂ ಅತ್ಯಗತ್ಯ ಅಲ್ಲ ಅಂದಿತು. ಯಾವ ಧರ್ಮಕ್ಕೂ. ಆ ಮಾತನ್ನು ಶೇರ್ ಮಾಡಿದವರಲ್ಲಿ ಎಷ್ಟು ಜನ ‘ಯಾವ’ ಅನ್ನುವ ಪದ ಓದಿದರೋ.

ನಮ್ಮಂಥ ಕನ್ನಡದವರ ಪಾಡು ಇನ್ನೊಂದು ಥರ. ಇಪ್ಪತ್ತು ವರ್ಷದಿಂದ ಇಲ್ಲಿದ್ದೇವೆ, ಮರಾಠಿ ನೀರು ಕುಡಿದ ಹಾಗೆ ಬರುತ್ತದೆ, ವರ್ಗಣಿ ಕೊಡುತ್ತೇವೆ, ಆರತಿಗೆ ಹೋಗುತ್ತೇವೆ. ಆದರೆ ಸದ್ದು ಕಡಿಮೆ ಮಾಡಿ ಅನ್ನುವ ಮಾತು ಬಾಯಿಯ ತನಕ ಬಂದು ನಿಲ್ಲುತ್ತದೆ. ಅಂದರೆ ತಕ್ಷಣ ಹೊರಗಿನವರಾಗಿಬಿಡುತ್ತೇವೆ ಅನ್ನುವ ಅಳುಕು. ಮೇಲಿನ ಮನೆಯ ಮರಾಠಿ ಕಾಕೂ ಕೂಡ ಸದ್ದಿಗೆ ನಡುಗುತ್ತಾರೆ, ಅವರೂ ಏನೂ ಅನ್ನುವುದಿಲ್ಲ. ಅವರ ಅಳುಕು ಬೇರೆ: ಮೊಮ್ಮಗ ಅದೇ ಮಂಡಳದಲ್ಲಿದ್ದಾನೆ. ತುರ್ತಿಗೆ 112ಕ್ಕೆ ಫೋನ್ ಮಾಡಬಹುದು, ದೂರು ಕೊಡಬಹುದು, ಎಲ್ಲ ಗೊತ್ತು. ಕೊಟ್ಟವರು ಯಾರು ಅಂತ ಮರುದಿನ ಗಲ್ಲಿಗೆಲ್ಲ ಗೊತ್ತಾದರೆ ಅನ್ನುವುದೇ ಭಯ. ಮುಂಬೈಯಲ್ಲಿ ಸುಮೈರಾ ಅಬ್ದುಲಾಲಿ ಅವರ ಆವಾಜ್ ಫೌಂಡೇಶನ್ ವರ್ಷಗಟ್ಟಲೆ ಮೀಟರ್ ಹಿಡಿದು ಅಳೆದು ಕೋರ್ಟಿಗೆ ಹೋಗಿದೆ. ಹಾಗೆ ಹೆಸರು ಹಾಕಿ ಮುಂದೆ ನಿಲ್ಲುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ.

ನನ್ನನ್ನು ಕೇಳಿದರೆ ಗಡಿಯಾರದ ಜೊತೆ ಬೇಸನ್ನೂ ಹಿಡಿಯಬೇಕು. ಒಂದು ಗಾಡಿಗೆ ಎಷ್ಟು ಬೇಸ್ ಪೆಟ್ಟಿಗೆ ಅಂತ ಮಿತಿ ಹಾಕಿದರೆ ಮೀಟರ್ ಇಲ್ಲದೆಯೂ ಎಣಿಸಬಹುದು, ಪೊಲೀಸರಿಗೆ ಬೆರಳು ಸಾಕು. ಗಾಡಿ ಗಲ್ಲಿಯೊಳಗೆ ಬರುವ ಮೊದಲೇ ಎಣಿಸಬೇಕು, ಬಂದ ಮೇಲಲ್ಲ. ಪಥಕಗಳು ಮಕ್ಕಳಿಗೆ ಕುರ್ತಾ ಹೊಲಿಸುವಾಗ ಕಿವಿಗೆ ಫೋಮ್ ಪ್ಲಗ್ಗನ್ನೂ ಸೇರಿಸಿ ಕೊಡಬೇಕು. ಹತ್ತಿ ತುರುಕಿದರೆ ಸಾಲುವುದಿಲ್ಲ, ಅದು ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಫೋಮನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯ ಮೇಲ್ಭಾಗವನ್ನು ಸ್ವಲ್ಪ ಎಳೆದು, ಒಳಗಿಟ್ಟು ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಆಗ ಅದು ಉಬ್ಬಿ ಕೂರುತ್ತದೆ, ಇಪ್ಪತ್ತು ಡೆಸಿಬಲ್ ತನಕ ತಡೆಯುತ್ತದೆ. ಎರಡು ಸೊನ್ನೆ.

ಅಕ್ಕನ ಮಗಳಿಗೆ ಒಂದು ಜೊತೆ ತಂದುಕೊಟ್ಟೆ. ಮೊದಲ ದಿನ ಹಾಕಿಕೊಳ್ಳಲಿಲ್ಲ, ತಾಳ ತಪ್ಪುತ್ತದೆ ಅಂದಳು. ಎರಡನೇ ದಿನ ಹಾಕಿಕೊಂಡಳು. ತಾಳ ತಪ್ಪಲಿಲ್ಲ, ತಾಶೆಯನ್ನು ಕೈಯೇ ಕೇಳುತ್ತದೆ ಅಂದಳು. ಕಿತ್ತಳೆ ಬಣ್ಣದ ಪ್ಲಗ್ ನೋಡಿ ಪಕ್ಕದ ಹುಡುಗಿ ನಕ್ಕಳಂತೆ. ವಾರ ಕಳೆದ ಮೇಲೆ ಅವಳೇ ಬಂದು ಎಲ್ಲಿ ಸಿಗುತ್ತೆ ಅಂತ ಕೇಳಿದಳಂತೆ.

ಹೋದ ವರ್ಷದ ವಿಸರ್ಜನೆಯ ರಾತ್ರಿ ಹನ್ನೆರಡಕ್ಕೆ ಎಲ್ಲ ನಿಂತಿತು. ನಿದ್ದೆ ಬರಲಿಲ್ಲ. ಐದೂವರೆಗೆ ಎದ್ದು ಕೆಳಗೆ ಇಳಿದೆ. ನಮ್ಮ ಗಲ್ಲಿಯ ಬಾಯಲ್ಲೇ ಒಂದು ಡಾಲ್ಬಿ ಗಾಡಿ ನಿಂತಿತ್ತು. ಹುಡುಗರು ಡಿವೈಡರ್ ಮೇಲೆ, ಫುಟ್‌ಪಾತಿನ ಮೇಲೆ ಸಾಲಾಗಿ ಮಲಗಿದ್ದರು, ಮುಖದ ಗುಲಾಲು ಒಣಗಿತ್ತು. ಸೌಂಡ್ ಹುಡುಗ ಬೇಸ್ ಪೆಟ್ಟಿಗೆಗೆ ಒರಗಿ ಗ್ಲಾಸಿನಲ್ಲಿ ಚಹಾ ಕುಡಿಯುತ್ತಿದ್ದ. ಗಣಪತಿಯ ಮುಂದೆ ಒಂದು ದೀಪ ಉರಿಯುತ್ತಿತ್ತು. ಅಷ್ಟು ಸುಮ್ಮನೆ ಇದ್ದ ಲಕ್ಷ್ಮೀ ರಸ್ತೆಯನ್ನು ನಾನು ನೋಡಿಯೇ ಇರಲಿಲ್ಲ.

ಕಾಕಾ ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ಫೋನಿನಲ್ಲಿ ಏನೋ ಮೆಲ್ಲಗೆ ಹಾಕಿಕೊಂಡು ಕಿವಿ ಮಷಿನ್ ಹತ್ತಿರ ಹಿಡಿದಿದ್ದರು.

“ಲಲಿತ್,” ಅಂದರು. “ಹೊತ್ತು ಸರಿ ಅದ.”

ಸ್ವಲ್ಪ ಹೊತ್ತು ಇಬ್ಬರೂ ಕೇಳಿದೆವು. ಆಮೇಲೆ ಅವರು ಕೈಗಡಿಯಾರ ನೋಡಿದರು. ಆರಕ್ಕೆ ಎರಡು ನಿಮಿಷ ಇತ್ತು. ಹಿಂದೆ ಜನರೇಟರ್ ಎರಡು ಸಲ ಕೆಮ್ಮಿ ಶುರುವಾಯಿತು. ಕಾಕಾ ಹಾಡು ನಿಲ್ಲಿಸಿ, ಕಿವಿಯಿಂದ ಮಷಿನ್ ತೆಗೆದು, ಡಬ್ಬಿಯಲ್ಲಿಟ್ಟು, ಜೇಬಿಗೆ ಹಾಕಿಕೊಂಡರು.